ಆರು ತಿಂಗಳ ಮಾತು: ಲೇಸಿಕ್ ನಂತರದ ಕಣ್ಣುರಿ ಮತ್ತು ಹೆಗ್ಗಡದೇವನಕೋಟೆ ಸೀಮೆಯ ದುಡಿಮೆ

ಲೇಸಿಕ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 95.4 ಮಂದಿಗೆ ತೃಪ್ತಿಯಿದೆ ಎಂಬ ಅಂಕಿ ನೇತ್ರವೈದ್ಯರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆ.ಡಿ. ಸಾಲೊಮನ್ ಮತ್ತು ಸಂಗಡಿಗರು 19 ಲೇಖನಗಳಲ್ಲಿದ್ದ 2,198 ಜನರ ಉತ್ತರಗಳನ್ನು ಕೂಡಿಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆ ಅದರ ಮೂಲ. ಆ ಎಣಿಕೆಯ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಬೆನ್ನಿಗಿಟ್ಟುಕೊಂಡು ‘ಕಣ್ಣು ಒಣಗುವುದು, ಉರಿಯುವುದು ಎಲ್ಲ ಆರು ತಿಂಗಳ ಮಾತು’ ಎಂದು ಹೇಳಿ ಕಳಿಸುವ ರೂಢಿಯನ್ನು ಮಾತ್ರ, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಸೀಮೆಯ ಮಟ್ಟಿಗಾದರೂ ಒಪ್ಪುವುದು ಕಷ್ಟ.

ವಿವಾದವಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಎಕ್ಸೈಮರ್ ಲೇಸರ್ ಅಂಗಾಂಶವನ್ನು ಸುಡದೆ ಕೆತ್ತಬಲ್ಲದು ಎಂದು ಐಬಿಎಂ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟವರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. 1983ರಲ್ಲಿ ಸ್ಟೀಫನ್ ಟ್ರೊಕೆಲ್ ಅವರೊಡನೆ ಸೇರಿ ಅದನ್ನು ಕಣ್ಣಿನ ಪಾರದರ್ಶಕ ಮುಂಪೊರೆಯಾದ ಕಾರ್ನಿಯಾಕ್ಕೆ ಅನ್ವಯಿಸಿದರು. ಪದರವೊಂದನ್ನು ಎತ್ತಿ, ಅದರಡಿ ಕೆತ್ತಿ, ಮತ್ತೆ ಮುಚ್ಚುವ ಲೇಸಿಕ್ ವಿಧಾನ 1990ರ ಹೊತ್ತಿಗೆ ಗ್ರೀಸಿನ ಪಲ್ಲಿಕಾರಿಸ್ ಅವರಿಂದ ಬಂತು. ಕನ್ನಡಕದ ಪವರ್ ಇಳಿಸುವುದರಲ್ಲಿ ಇದು ಸಮರ್ಥ ಚಿಕಿತ್ಸೆ; ಅದರಲ್ಲಿ ಎರಡು ಮಾತಿಲ್ಲ.

ತಕರಾರು ಇರುವುದು ನರಗಳ ವಿಷಯದಲ್ಲಿ. ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಲೇಸಿಕ್‌ನಲ್ಲಿ ಎತ್ತುವ ಪದರ ಸಾಮಾನ್ಯವಾಗಿ 100ರಿಂದ 160 ಮೈಕ್ರಾನ್. ಸ್ಪರ್ಶ, ತಂಪು, ಶುಷ್ಕತೆಗಳನ್ನು ಅರಿಯುವ ನರಗಳು ಹಬ್ಬಿರುವುದು ಈ ಮೇಲುಭಾಗದಲ್ಲೇ. ಪದರ ಕತ್ತರಿಸಿದಾಗ, ಒಂದು ಅಂಚಿನಲ್ಲಿ ಉಳಿಸಿದ ಕೀಲಿನ ಕಡೆಯವು ಬಿಟ್ಟರೆ, ಅವು ತುಂಡಾಗುತ್ತವೆ. ಕಣ್ಣು ಒಣಗುತ್ತಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ತಲುಪದಿದ್ದರೆ ರೆಪ್ಪೆ ಬಡಿಯುವುದೂ ಕಣ್ಣೀರು ಒಸರುವುದೂ ಕಡಿಮೆಯಾಗುತ್ತದೆ. ಈ ನರಗಳು ಮತ್ತೆ ಬೆಳೆಯಲು ಎಷ್ಟು ಕಾಲ ಬೇಕು? ಜೇ ಎರಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಅಧ್ಯಯನದ ಪ್ರಕಾರ, ಪದರ ಎತ್ತದೆ ಮೇಲಿನಿಂದಲೇ ಕೆತ್ತುವ ಪಿಆರ್‌ಕೆ ವಿಧಾನದಲ್ಲಿ ನರಗಳ ಸಾಂದ್ರತೆ ಮೊದಲಿನ ಮಟ್ಟಕ್ಕೆ ಬರಲು 2 ವರ್ಷ ಹಿಡಿಯಿತು. ಲೇಸಿಕ್ ಆದ ಕಣ್ಣುಗಳಲ್ಲಿ 5 ವರ್ಷ. ಅವರು ನೋಡಿದ ಕಣ್ಣುಗಳ ಸಂಖ್ಯೆ ಚಿಕ್ಕದು. ನರಗಳ ಸಾಂದ್ರತೆಗೂ ರೋಗಿಯ ಉರಿಗೂ ನೇರ ಲೆಕ್ಕ ಹೊಂದುವುದಿಲ್ಲವೆಂಬುದೂ ನಿಜ. ಆದರೂ ‘ಆರು ತಿಂಗಳು’ ಎಂಬ ಮಾತಿಗೆ ನರಗಳ ಆಧಾರ ಇಲ್ಲಿ ಸಿಗುವುದಿಲ್ಲ.

ಇನ್ನೊಂದು ಸಾಕ್ಷ್ಯ ಅಮೆರಿಕದ ಎಫ್‌ಡಿಎ ಮತ್ತು ಸಹಸಂಸ್ಥೆಗಳು ಲೇಸಿಕ್ ಮಾಡಿಸಿಕೊಂಡವರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ‘ಪ್ರೌಲ್’ ಅಧ್ಯಯನಗಳದು. ಮೊದಲು ಕಣ್ಣೊಣಗಿನ ಲಕ್ಷಣವೇ ಇಲ್ಲದವರಲ್ಲಿ ನೂರಕ್ಕೆ ಸುಮಾರು 28 ಮಂದಿಗೆ ಮೂರು ತಿಂಗಳಲ್ಲಿ ಅದು ಕಾಣಿಸಿಕೊಂಡಿತು. ದೀಪದ ಸುತ್ತ ಬಳೆ, ಕಿರಣಗಳ ಸಿಡಿತ ಮುಂತಾದ ದೋಷಗಳು ಮೊದಲು ಇಲ್ಲದವರಲ್ಲಿ ನೂರಕ್ಕೆ 43ರಿಂದ 46 ಮಂದಿ ಹೊಸದಾಗಿ ಒಂದಾದರೂ ದೋಷವನ್ನು ಹೇಳಿದರು. ಅದೇ ಅಧ್ಯಯನದಲ್ಲಿ ತೃಪ್ತರ ಪ್ರಮಾಣ ಬಹಳ ಹೆಚ್ಚಿತ್ತು. ಈ ದೋಷಗಳಿಂದ ದಿನನಿತ್ಯದ ಕೆಲಸಕ್ಕೆ ತೀವ್ರ ತೊಂದರೆಯಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಇದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ನನಗೆ ಮುಖ್ಯವೆನಿಸಿದ್ದು ಬೇರೊಂದು ಫಲಿತಾಂಶ: ದೃಷ್ಟಿದೋಷವನ್ನು ಪ್ರಶ್ನಾವಳಿಯಲ್ಲಿ ಗುರುತು ಹಾಕಿದವರ ಪ್ರಮಾಣ, ಅದನ್ನು ವೈದ್ಯರೆದುರು ಬಾಯಿಬಿಟ್ಟು ಹೇಳಿದವರ ಪ್ರಮಾಣದ ಎರಡು ಪಟ್ಟಿಗಿಂತ ಹೆಚ್ಚು. ಹಾಗಾದರೆ ಯಾರು ಕೇಳುತ್ತಾರೆ, ಏನು ಕೇಳುತ್ತಾರೆ, ಯಾವಾಗ ಕೇಳುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ಏನು ಕೇಳುತ್ತಾರೆ ಎಂಬುದನ್ನೇ ನೋಡೋಣ. ಕಣ್ಣೊಣಗನ್ನು ಅಳೆಯಲು ಹೆಚ್ಚಾಗಿ ಬಳಸುವ ಒಎಸ್‌ಡಿಐ ಪ್ರಶ್ನಾವಳಿಯಲ್ಲಿ 12 ಪ್ರಶ್ನೆಗಳಿವೆ. ಓದು, ರಾತ್ರಿ ವಾಹನ ಚಾಲನೆ, ಕಂಪ್ಯೂಟರ್ ಅಥವಾ ಎಟಿಎಂ, ಟಿವಿ, ಗಾಳಿ, ಒಣಹವೆ, ಎಸಿ ಕೋಣೆ ಇವೆಲ್ಲ ಅದರಲ್ಲಿವೆ. ಒಲೆಯ ಝಳ ಇಲ್ಲ, ಹೊಗೆ ಇಲ್ಲ, ಕೆ.ಆರ್. ನಗರದ ಭತ್ತದ ಕಣದ ದೂಳೂ ಇಲ್ಲ. ಹೊಗೆಸೊಪ್ಪು ಒಣಗಿಸುವ ಕೋಣೆಯಾದ ಬ್ಯಾರನ್‌ಗೆ ಬೆಂಕಿ ಹಾಕಿದರೆ ಸೊಪ್ಪು ಹದಕ್ಕೆ ಬರುವ ತನಕ ಐದಾರು ದಿನ ಹಗಲು ರಾತ್ರಿ ಆರಿಸುವಂತಿಲ್ಲ. ಕೊನೆಯ ಹಂತದಲ್ಲಿ ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಏರುತ್ತದೆ. ಹೊಗೆ ಕಬ್ಬಿಣದ ಕೊಳವೆಗಳಲ್ಲಿ ಹಾದು ಹೊರಹೋಗುವುದರಿಂದ ಸೊಪ್ಪಿಗೆ ತಾಗುವುದಿಲ್ಲ, ಒಲೆಯ ಬಾಯಿಗೆ ಸೌದೆ ನೂಕುವವನ ಕಣ್ಣಿಗೆ ತಾಗುತ್ತದೆ.

ಯಾವಾಗ ಕೇಳುತ್ತಾರೆ ಎಂಬುದು ಇನ್ನೂ ಮುಖ್ಯ. ಒಎಸ್‌ಡಿಐ ವಿಚಾರಿಸುವುದು ಹಿಂದಿನ ಒಂದು ವಾರವನ್ನು ಮಾತ್ರ. ಸೊಪ್ಪಿನ ಹಣ ಕೈಗೆ ಬಂದ ಮೇಲೆ, ಜನವರಿಯಲ್ಲೋ ಫೆಬ್ರುವರಿಯಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮೂರು ತಿಂಗಳ ತಪಾಸಣೆ ಬರುವುದು ಏಪ್ರಿಲ್–ಮೇ ತಿಂಗಳಲ್ಲಿ. ಆಗ ಬ್ಯಾರನ್ ತಣ್ಣಗಿರುತ್ತದೆ. ಈ ಸೀಮೆಯಲ್ಲಿ ‘ವಾಸಿಯಾಯಿತು’ ಎಂದು ದಾಖಲಾಗುವುದರಲ್ಲಿ ಒಂದು ಪಾಲು ವಾಸಿಯಾದದ್ದಲ್ಲ, ಬಿಡುವಿನ ಕಾಲದ ನೆಮ್ಮದಿ ಇರಬಹುದು ಎಂಬುದು ನನ್ನ ಊಹೆ. ಊಹೆ ಎಂದೇ ಹೇಳುತ್ತಿದ್ದೇನೆ. ಶಸ್ತ್ರಚಿಕಿತ್ಸೆ ಆಗದವರಿಗೂ ಹೊಗೆಯಲ್ಲಿ ಕಣ್ಣು ಉರಿಯುತ್ತದೆ. ಎರಡನ್ನೂ ಬೇರ್ಪಡಿಸದೆ ಲೇಸರ್ ಮೇಲೆ ದೋಷ ಹೊರಿಸುವುದು ತಪ್ಪು.

ಬೇರ್ಪಡಿಸುವ ಒಂದು ಸುಳಿವು ಮನೆಯಲ್ಲೇ ಸಿಕ್ಕಿತು. ನಾನೂ ಲೇಸಿಕ್ ಮಾಡಿಸಿಕೊಂಡವನು. ಒಂದೇ ಒಲೆಯ ಮುಂದೆ ಕೂತಾಗ, ಕಣ್ಣಿಗೆ ಯಾವ ಚಿಕಿತ್ಸೆಯೂ ಆಗದ ನನ್ನ ತಮ್ಮನಿಗೆ ಕಣ್ಣೀರು ಧಾರಾಕಾರ ಸುರಿದು ಉರಿ ತೊಳೆದುಹೋಗುತ್ತದೆ. ನನಗೆ ನೀರೇ ಬರುವುದಿಲ್ಲ. ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಬೆಳಗಿನ ಜಾವ ರೆಪ್ಪೆ ಬಿಡಿಸುವಾಗ ಒಳಗೆ ಅಂಟಿದ್ದು ಕಿತ್ತುಬಂದಂತೆ ನೋಯುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಇರುವುದು ‘6/6, ನಾರ್ಮಲ್’. ಒಬ್ಬನ ಅನುಭವ ಪುರಾವೆಯಾಗದು. ಆದರೆ ನರ ತುಂಡಾದರೆ ಕಣ್ಣೀರಿನ ಪ್ರತಿಕ್ರಿಯೆ ಕುಗ್ಗುತ್ತದೆಂಬ ತಿಳಿವಳಿಕೆಗೆ ಇದು ಹೊಂದುತ್ತದೆ. ಉರಿಯ ಜೊತೆ ಕಣ್ಣೀರನ್ನೂ ಅಳೆಯಬೇಕು ಎಂದು ಹೇಳಲು ಅಷ್ಟು ಸಾಕು.

6/6 ಎಂಬುದು ಬೆಳಕಿನಲ್ಲಿ ಕಪ್ಪು ಅಕ್ಷರ ಓದುವ ಶಕ್ತಿ. ನಾಗರಹೊಳೆ, ಬಂಡೀಪುರದ ಅಂಚಿನ ಹೊಲಗಳಲ್ಲಿ ಆನೆ ಕಾಯುವವರಿಗೆ ಬೇಕಾದದ್ದು ಮಬ್ಬಿನಲ್ಲಿ ಮಬ್ಬನ್ನು ಗುರುತಿಸುವ ಶಕ್ತಿ. ಅದು ಕೆಲವರಲ್ಲಿ ಈ ಚಿಕಿತ್ಸೆಯಿಂದ ಕುಗ್ಗಬಹುದು. ನೌಕರಿಗಾಗಿ ಕನ್ನಡಕ ತೆಗೆಸಲು ಹೊರಟ ಹುಡುಗರೂ ನಿಯಮ ಓದಿಕೊಳ್ಳಬೇಕು. ಲೊಕೊ ಪೈಲಟ್ ಮುಂತಾದ ಎ-1 ದರ್ಜೆಯ ಹುದ್ದೆಗಳಿಗೆ ಲೇಸಿಕ್ ಆದವರನ್ನು ರೈಲ್ವೆ ತೆಗೆದುಕೊಳ್ಳುವುದಿಲ್ಲ.

ಇವನ್ನೆಲ್ಲ ಮೊದಲೇ ತಿಳಿಸುವ ಹೊಣೆ ವೈದ್ಯರದೂ ಹೌದು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರೋಗಿ ಒಪ್ಪಿಗೆ ಕೊಡುವ ಮುನ್ನ ಚಿಕಿತ್ಸೆಯ ಸ್ವರೂಪ, ಪರ್ಯಾಯ, ಗಣನೀಯ ಅಪಾಯಗಳನ್ನು ತಿಳಿಸಬೇಕೆಂದು ಹೇಳಿದೆ. ಮಾಡುವ ಕೆಲಸ ಯಾವುದೆಂದು ಕೇಳದೆ ಅಪಾಯ ಗಣನೀಯವೋ ಅಲ್ಲವೋ ಎಂದು ತೀರ್ಮಾನಿಸಲು ಬಾರದು.

ಬ್ಯಾರನ್ ಉರಿಯುವ ಕಾಲದಲ್ಲೊಮ್ಮೆ, ಆರಿದ ಮೇಲೊಮ್ಮೆ, ಚಿಕಿತ್ಸೆ ಆದವರನ್ನೂ ಅದೇ ಮನೆಯ ಆಗದವರನ್ನೂ ಜೊತೆಗಿಟ್ಟು ಪರೀಕ್ಷಿಸುವ ಕೆಲಸ ಬಾಕಿಯಿದೆ. ಮೈಸೂರಿನ ನೇತ್ರವೈದ್ಯರು, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಂತಹ ಗ್ರಾಮೀಣ ಸಂಸ್ಥೆಗಳು ಸೇರಿ ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ, ಹೊಗೆಸೊಪ್ಪಿನ ಮನೆಯಿಂದ ಲೇಸಿಕ್‌ಗೆ ಹೋಗುವವರು ಮೊದಲೇ ಕಣ್ಣೀರು ಅಳೆಯುವ ಶಿರ್ಮರ್ ಪರೀಕ್ಷೆ ಮಾಡಿಸಿ, ಐದು ನಿಮಿಷದಲ್ಲಿ ಕಾಗದದ ಪಟ್ಟಿ ಎಷ್ಟು ಮಿಲಿಮೀಟರು ನೆನೆಯಿತೆಂಬುದನ್ನು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಲಿ.