ಸಿಡ್ನಿ, ಮೆಲ್ಬರ್ನ್‌ನಲ್ಲಿ ಮನೆ ಹೊಲಿಗೆಗೆ ಕಡಿಮೆ ಖರ್ಚಿನ ಕಟಿಂಗ್ ಟೇಬಲ್

ದುಬೈ, ಶಾರ್ಜಾದಲ್ಲಿ ಇದ್ದಷ್ಟು ದಿನ ಬ್ಲೌಸ್ ಹೊಲಿಸುವುದು ದೊಡ್ಡ ವಿಷಯ ಅಲ್ಲ, ಬಿಲ್ಡಿಂಗ್ ಕೆಳಗೇ ಟೇಲರ್ ಅಂಗಡಿ ಇರುತ್ತದೆ. ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದ ನಮ್ಮವರಿಗೆ ಹೊಲಿಗೆ ಕೂಲಿ ಕೇಳಿದಾಗಲೇ ಗೊತ್ತಾಗುವುದು, ಮನೆಯಲ್ಲೇ ಮೆಷಿನ್ ಇಟ್ಟುಕೊಳ್ಳುವುದು ಒಳ್ಳೆಯದು ಅಂತ. ಮೆಷಿನ್ ಸುಲಭವಾಗಿ ಸಿಗುತ್ತದೆ. ಬಟ್ಟೆ ಕತ್ತರಿಸಲು ಜಾಗ ಸಿಗುವುದಿಲ್ಲ. ಕಾರ್ಪೆಟ್ ಮೇಲೆ ಮಂಡಿಯೂರಿ ಕಟಿಂಗ್ ಮಾಡಿದರೆ ಬಟ್ಟೆ ಜಾರುತ್ತದೆ, ಅಳತೆ ತಪ್ಪುತ್ತದೆ, ಕೊನೆಗೆ ಸೊಂಟ ಹಿಡಿಯುತ್ತದೆ.

ಮೊದಲು ಎತ್ತರ ನೋಡಿ. ಊಟದ ಮೇಜು ಸುಮಾರು 75 ಸೆಂ.ಮೀ. ಇರುತ್ತದೆ, ಅಲ್ಲಿನ ಅಡುಗೆಮನೆ ಕಟ್ಟೆ ಸಾಮಾನ್ಯವಾಗಿ 90. ನಿಂತು ಕತ್ತರಿಸಲು ಕಟ್ಟೆಯ ಎತ್ತರವೇ ಸರಿ. ಮೊಣಕೈ ಮಡಚಿ ನಿಂತು, ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಗುರುತು ಮಾಡಿದರೆ ನಿಮ್ಮ ಅಳತೆ ಸಿಕ್ಕಿತು. ಕುಳ್ಳಗಿರುವವರಿಗೆ 85 ಸಾಕು.

ಅಗ್ಗದ ದಾರಿಗಳಲ್ಲಿ ನಮಗೆ ಅತ್ಯುತ್ತಮ ಅನಿಸಿದ್ದು ಬಾಗಿಲು! ಬನಿಂಗ್ಸ್‌ನಂಥ ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಣೆಗೆ ಹಾಕುವ, ಒಳಗೆ ಟೊಳ್ಳಾದ ಸಪಾಟು ಬಾಗಿಲು ಸಿಗುತ್ತದೆ. ಸಾಮಾನ್ಯ ಅಳತೆ 2040×820 ಮಿ.ಮೀ., ದಪ್ಪ 35. ಅಗಲ ಅಂದರೆ 32 ಇಂಚು. 60 ಇಂಚು ಪನ್ನದ ಬಟ್ಟೆಯನ್ನು ಮಧ್ಯಕ್ಕೆ ಮಡಚಿದರೆ 30 ಇಂಚು, 44 ಇಂಚಿನದು 22. ಎರಡೂ ಆರಾಮಾಗಿ ಕೂರುತ್ತವೆ. ಹಗುರ ಇರುವುದರಿಂದ ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿಡಬಹುದು. ಆದರೆ ಅದಕ್ಕೆ ಸ್ಕ್ರೂ ಹೊಡೆದು ಕಾಲು ಕೂರಿಸಲು ಹೋಗಬೇಡಿ, ಅಂಚು ಬಿಟ್ಟರೆ ಒಳಗೆ ಹಿಡಿತ ಇರುವುದಿಲ್ಲ. ಎತ್ತರ ಹೊಂದಿಸುವ ಎರಡು ಟ್ರೆಸಲ್ ಕಾಲುಗಳ ಮೇಲೆ ಇಡಿ. ಇಲ್ಲವೇ ಐಕಿಯಾದ ನಾಲ್ಕು ಖಾನೆಯ ಕ್ಯಾಲಕ್ಸ್ ಕಪಾಟು ಎರಡು ತಗೊಳ್ಳಿ: ಎತ್ತರ ಸುಮಾರು 77 ಸೆಂ.ಮೀ., ಬಾಗಿಲು ಸೇರಿ 80, ಕೆಳಗೆ ಮರದ ತುಂಡು ಕೊಟ್ಟರೆ 90. ದಾರ, ಲೈನಿಂಗ್ ಇಡಲು ಖಾನೆಗಳೂ ಆದವು. ರೇಷ್ಮೆ ಸೀರೆ ಹರಡುವ ಮೊದಲು ಅಂಚನ್ನು ಮರಳು ಕಾಗದದಿಂದ ಉಜ್ಜಿ, ಎಳೆ ಸಿಕ್ಕಿದರೆ ಸೀರೆ ಹೋಯಿತು. ಇಸ್ತ್ರಿ ಮಾತ್ರ ಅದರ ಮೇಲೆ ಬೇಡ, ಹಬೆಗೆ ಮೇಲ್ಪದರ ಉಬ್ಬುತ್ತದೆ.

ಪ್ಲೈವುಡ್ ಬೇಕಾದರೆ 2400×1200ರ ಹಲಗೆಯನ್ನು ಬನಿಂಗ್ಸ್‌ನಲ್ಲೇ ನೀವು ಹೇಳಿದ ಅಳತೆಗೆ ಕೊಯ್ಯಿಸಿಕೊಳ್ಳಬಹುದು. ಮನೆಯ ಊಟದ ಮೇಜನ್ನೇ ಎತ್ತರಿಸುವುದು ಇನ್ನೂ ಅಗ್ಗ. ಮಂಚದ ಕಾಲಿಗೆ ಕೊಡುವ ಪ್ಲಾಸ್ಟಿಕ್ ರೈಸರ್ ನಾಲ್ಕು ಸಾಕು, ಕಾಲು ನೇರವಾಗಿದ್ದರೆ ಮಾತ್ರ. ಮಡಚುವ ಮೇಜು ಬೇಕಾದವರು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಗಮ್‌ಟ್ರೀ, ವಿನ್ನೀಸ್, ಸಾಲ್ವೋಸ್ ನೋಡಿ. ರಸ್ತೆ ಬದಿ ಇಟ್ಟ ಹಳೇ ಸಾಮಾನು ಎತ್ತಿಕೊಳ್ಳಲು ಕೆಲವು ಕೌನ್ಸಿಲ್‌ಗಳಲ್ಲಿ ಅಡ್ಡಿ ಇದೆ, ಅವರ ವೆಬ್‌ಸೈಟ್ ನೋಡಿಯೇ ಕೈ ಹಾಕಿ. ಬಾಡಿಗೆ ಮನೆಯ ಗೋಡೆಗೆ ಮಡಚುವ ಹಲಗೆ ಹೊಡೆಯುವುದಾದರೆ ಮಾಲೀಕರ ಒಪ್ಪಿಗೆ ಬರಹದಲ್ಲೇ ತಗೊಳ್ಳಿ, ಇಲ್ಲದಿದ್ದರೆ ಬಾಂಡ್ ಹಣಕ್ಕೆ ಕತ್ತರಿ ಬೀಳುತ್ತದೆ.

ಇನ್ನೊಂದು ಮಾತು. ಟೇಬಲ್ ಆದ ಮೇಲೆ ಪರಿಚಯದವರು ಬ್ಲೌಸ್ ಪೀಸ್ ಹಿಡಿದು ಬಂದೇ ಬರುತ್ತಾರೆ. ದುಡ್ಡು ತೆಗೆದುಕೊಂಡರೆ ಅದು ಕೆಲಸವೇ. ವಿಸಿಟರ್ ವೀಸಾದಲ್ಲಿ ಬಂದ ಅಮ್ಮನೋ ಅತ್ತೆಯೋ ಹಾಗೆ ಹೊಲಿಯುವಂತಿಲ್ಲ. ಸ್ಟೂಡೆಂಟ್ ವೀಸಾದವರಿಗೆ ಕೋರ್ಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆಯ ಮಿತಿ 2023ರ ಜುಲೈ 1ರಿಂದ ಇದೆ, ಹೊಲಿಗೆಯ ಗಂಟೆಗಳೂ ಅದರಲ್ಲೇ ಸೇರುತ್ತವೆ. ಕೆಲಸ ಮಾಡಲು ಅನುಮತಿ ಇರುವವರು ಇದನ್ನೇ ಕಸುಬು ಮಾಡಿಕೊಳ್ಳುವುದಾದರೆ ಎಬಿಎನ್ ನಂಬರ್ ಮಾಡಿಸಿ. ಸರ್ಕಾರಿ ವೆಬ್‌ಸೈಟ್‌ನಲ್ಲಿ ಅದು ಉಚಿತ, ಏಜೆಂಟರಿಗೆ ಹಣ ಕೊಡಬೇಕಾಗಿಲ್ಲ.