‘ನರಕ’ ಪದ ಮತ್ತು ಬೈಬಲಿನ ಭಾಷಾಂತರ

೧೬೧೧ರ ಇಂಗ್ಲಿಷ್ ಬೈಬಲಿನಲ್ಲಿ ಹೀಬ್ರೂವಿನ ‘ಷಿಯೋಲ್’ ಅನೇಕೆಡೆ, ಗ್ರೀಕಿನ ‘ಹೇಡೀಸ್’, ‘ಗೆಹೆನ್ನಾ’ಗಳು ಬಹುಮಟ್ಟಿಗೆ ‘ಹೆಲ್’ ಎಂಬ ಒಂದೇ ಪದವಾಗಿವೆ. ಮೊದಲೆರಡು ಮೃತರ ಲೋಕವನ್ನು ಸೂಚಿಸುವುವು. ಗೆಹೆನ್ನಾ ಜೆರೂಸಲೇಮಿನ ಹಿನ್ನೋಮ್ ಕಣಿವೆಯಿಂದ ಹೆಸರು ಪಡೆದ ದಂಡನೆಯ ಸ್ಥಳ.

ಮುಂಬಯಿಯಲ್ಲಿ ೧೮೩೧ರಲ್ಲಿ ಜನಿಸಿದ ಆಂಗ್ಲ ಪಾದ್ರಿ ಎಫ್. ಡಬ್ಲ್ಯು. ಫರಾರ್ ಅವರು ೧೮೭೭ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಉಪದೇಶಗಳಲ್ಲಿ ಈ ಅನುವಾದವನ್ನೇ ಆಕ್ಷೇಪಿಸಿದರು. ‘ಯುಗ’ವಾಚಕದಿಂದ ಬಂದ ‘ಐಯೋನಿಯೋಸ್’ ಎಂಬ ವಿಶೇಷಣವು ಅಂತ್ಯವಿಲ್ಲದ ಯಾತನೆಯನ್ನು ಹೇಳಲೇಬೇಕಿಲ್ಲವೆಂದರು. ಅದೇ ವಿಶೇಷಣ ನಿತ್ಯಜೀವಕ್ಕೂ ಬಂದಿದೆಯೆಂಬುದು ವಿರೋಧಿಗಳ ಉತ್ತರ. ೧೮೮೧ರ ಪರಿಷ್ಕೃತ ಹೊಸ ಒಡಂಬಡಿಕೆ ‘ಹೇಡೀಸ್’ ಪದವನ್ನು ಹಾಗೆಯೇ ಉಳಿಸಿತು.

ಕನ್ನಡ ಬೈಬಲು ಹೇಡೀಸಿಗೆ ‘ಪಾತಾಳ’, ಗೆಹೆನ್ನಾಕ್ಕೆ ‘ನರಕ’ ಎನ್ನುತ್ತದೆ. ಆದರೆ ಜೈನರ ನರಕವಾಸಕ್ಕೆ ಅವಧಿಯುಂಟು, ಮಧ್ವಮತದ ಅಂಧಂತಮಸ್ಸಿಗಿಲ್ಲ. ಆದುದರಿಂದ ಪದ ಬದಲಾದ ಮಾತ್ರಕ್ಕೆ ಪ್ರಶ್ನೆ ತೀರದು. ಅವಧಿಯ ಅರ್ಥವನ್ನು ಓದುಗನ ಪರಂಪರೆಯೂ ತುಂಬುವುದೆಂದು ನಾವು ಭಾವಿಸುತ್ತೇವೆ.