ಇಲಿಯ ಮಿದುಳಿಗೊಂದು ಪೆಟ್: ಚಿತ್ರ ಸ್ಪಷ್ಟವಾಗುವ ಬಗೆ

ಪಾಸಿಟ್ರಾನ್ ಎಮಿಶನ್ ಟೊಮೊಗ್ರಫಿ, ಅಂದರೆ ಪೆಟ್ ಸ್ಕ್ಯಾನ್, ಔಷಧ ಸಂಶೋಧನೆಗೆ ದೊಡ್ಡ ನೆರವು. ಇಲಿಯನ್ನು ಕೊಲ್ಲದೆಯೇ ಅದರ ಗೆಡ್ಡೆ ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಎಂದು ವಾರಗಟ್ಟಲೆ ಗಮನಿಸಬಹುದು. ತೊಡಕು ಇರುವುದು ಅಳತೆಯಲ್ಲಿ. ಮನುಷ್ಯನ ಮಿದುಳು ಸುಮಾರು 1,400 ಗ್ರಾಂ. ಚಿಕ್ಕಿಲಿಯದು ಅರ್ಧ ಗ್ರಾಮಿಗೂ ಕಡಿಮೆ. ಆಸ್ಪತ್ರೆಯ ಸಾಮಾನ್ಯ ಪೆಟ್ ಯಂತ್ರದ ರೆಸಲ್ಯೂಶನ್, ಅಂದರೆ ಅದು ಬೇರೆಯಾಗಿ ತೋರಿಸಬಲ್ಲ ಅತಿ ಚಿಕ್ಕ ಅಂತರ, 4–5 ಮಿ.ಮೀ. ಅದರಲ್ಲಿ ಇಲಿಯ ಮಿದುಳಿನ ಭಾಗಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಯಂತ್ರ ಕಾಣುವುದೇನು?

ದೇಹಕ್ಕೆ ಕೊಟ್ಟ ವಿಕಿರಣಶೀಲ ವಸ್ತುವಿನಿಂದ ಹೊಮ್ಮಿದ ಪಾಸಿಟ್ರಾನ್, ಎಲೆಕ್ಟ್ರಾನ್ ಒಂದನ್ನು ಸಂಧಿಸಿ ಇಲ್ಲವಾಗುತ್ತದೆ. ಆಗ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಫೋಟಾನ್‌ಗಳು ಎದುರುಬದುರು ದಿಕ್ಕಿಗೆ ಚಿಮ್ಮುತ್ತವೆ. ಫೋಟಾನ್ ಬಡಿದಾಗ ಮಿನುಗುವ ಹರಳುಗಳನ್ನು ಸುತ್ತ ಉಂಗುರದಂತೆ ಜೋಡಿಸಿರುತ್ತಾರೆ. ಅವುಗಳಲ್ಲಿ ಎರಡು ಒಟ್ಟಿಗೇ ಮಿನುಗಿದರೆ, ಅವನ್ನು ಸೇರಿಸುವ ಗೆರೆಯ ಮೇಲೆ ಆ ಘಟನೆ ನಡೆದಿದೆ ಎಂದು ಲೆಕ್ಕ. ಇಂಥ ಲಕ್ಷಾಂತರ ಗೆರೆಗಳಿಂದ ಚಿತ್ರ ಮೂಡುತ್ತದೆ.

ಮಸುಕಿನ ಮೂಲಗಳು

ಪಾಸಿಟ್ರಾನ್ ಹುಟ್ಟಿದಲ್ಲೇ ಅಳಿಯುವುದಿಲ್ಲ. ಫ್ಲೋರಿನ್-18ರ ಪಾಸಿಟ್ರಾನ್ ನೀರಿನಲ್ಲಿ ಸರಾಸರಿ 0.6 ಮಿ.ಮೀ. ಸಾಗಿದರೆ, ಗ್ಯಾಲಿಯಂ-68ರದು ಸುಮಾರು 3 ಮಿ.ಮೀ. ಫೋಟಾನ್‌ಗಳೂ ಕರಾರುವಾಕ್ಕಾಗಿ 180 ಡಿಗ್ರಿಯಲ್ಲಿ ಹೊರಡುವುದಿಲ್ಲ. ಈ ಸಣ್ಣ ವಾರೆ 80 ಸೆಂ.ಮೀ. ವ್ಯಾಸದ ಉಂಗುರದಲ್ಲಿ ಸುಮಾರು 1.8 ಮಿ.ಮೀ. ಮಸುಕು ತರುತ್ತದೆ, 15 ಸೆಂ.ಮೀ. ಉಂಗುರದಲ್ಲಿ 0.3 ಮಿ.ಮೀ. ಮಾತ್ರ. ಚಿಕ್ಕ ಪ್ರಾಣಿಗೆ ಚಿಕ್ಕ ಉಂಗುರ ಸಾಕಾಗುವುದರಿಂದ ಇಲ್ಲಿ ಲಾಭವೇ. ಉಳಿದ ಮಸುಕಿನಲ್ಲಿ ದೊಡ್ಡ ಪಾಲು ಹರಳಿನ ಅಗಲದ್ದು.

ಹರಳು ಕಿರಿದಾದಾಗ

1990ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೈಮನ್ ಚೆರಿ ಮತ್ತು ಸಂಗಡಿಗರು ‘ಮೈಕ್ರೋಪೆಟ್’ ಕಟ್ಟಿದರು. ಲುಟೇಶಿಯಂ ಆಕ್ಸಿಆರ್ಥೋಸಿಲಿಕೇಟಿನ 2 ಮಿ.ಮೀ. ಅಗಲದ ಹರಳುಗಳ ಬೆಳಕನ್ನು ಆಪ್ಟಿಕಲ್ ಫೈಬರ್ ಮೂಲಕ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಫೋಟೋಮಲ್ಟಿಪ್ಲೈಯರ್‌ಗೆ ಒಯ್ದು, ಸುಮಾರು 1.8 ಮಿ.ಮೀ. ರೆಸಲ್ಯೂಶನ್ ಸಾಧಿಸಿದರು. ಮುಂದಿನ ಮೈಕ್ರೋಪೆಟ್-2ರಲ್ಲಿ ಹರಳಿನ ಅಗಲ 1 ಮಿ.ಮೀ.ಗಿಂತ ತುಸು ಕಡಿಮೆಯಾಯಿತು. ರೆಸಲ್ಯೂಶನ್ 1 ಮಿ.ಮೀ. ಆಸುಪಾಸಿಗೆ ಬಂತು.

ಆಳದ ಲೆಕ್ಕ

ಹರಳು ಉದ್ದವಾಗಿದ್ದರೆ ಹೆಚ್ಚು ಫೋಟಾನ್‌ಗಳು ಸಿಗುತ್ತವೆ. ಆದರೆ ಉಂಗುರದ ಅಂಚಿನಿಂದ ಓರೆಯಾಗಿ ಬಂದ ಫೋಟಾನ್ ಎಷ್ಟು ಆಳದಲ್ಲಿ ಬಡಿಯಿತೆಂದು ತಿಳಿಯದಿದ್ದರೆ ಗೆರೆ ತಪ್ಪುತ್ತದೆ. ಹರಳಿನ ಎರಡೂ ತುದಿಗಳಲ್ಲಿ ಬೆಳಕನ್ನು ಅಳೆದು, ಅವುಗಳ ಅನುಪಾತದಿಂದ ಆಳವನ್ನು ಅಂದಾಜಿಸುವುದು ಇದಕ್ಕೊಂದು ಪರಿಹಾರ.

ಗಣಿತದ ನೆರವು

1982ರಲ್ಲಿ ಸಂಶೋಧಕರಾದ ಶೆಪ್ ಮತ್ತು ವಾರ್ಡಿ, ಫೋಟಾನ್ ಎಣಿಕೆಯ ಸಂಖ್ಯಾಶಾಸ್ತ್ರವನ್ನು ಆಧರಿಸಿ ಚಿತ್ರವನ್ನು ಹಂತಹಂತವಾಗಿ ತಿದ್ದುವ ವಿಧಾನ ಕೊಟ್ಟರು. 1994ರಲ್ಲಿ ಹಡ್ಸನ್ ಮತ್ತು ಲಾರ್ಕಿನ್ ಅದನ್ನು ವೇಗಗೊಳಿಸಿದರು. ಇಂದು ಯಂತ್ರದ ಮಸುಕಿನ ಮಾದರಿಯನ್ನೂ ಇದೇ ಲೆಕ್ಕಕ್ಕೆ ಸೇರಿಸಲಾಗುತ್ತದೆ.

ತೆರಬೇಕಾದ ಬೆಲೆ

ಚಿತ್ರದ ಘನ ಕೋಶದ ಬದಿಯನ್ನು ಅರ್ಧಕ್ಕೆ ಇಳಿಸಿದರೆ ಪ್ರತಿ ಕೋಶಕ್ಕೆ ಸಿಗುವ ಎಣಿಕೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಚಿತ್ರದಲ್ಲಿ ಗದ್ದಲ (ನಾಯ್ಸ್) ಏರುತ್ತದೆ. ಇಲಿಗೆ ಕೊಡಬಹುದಾದ ವಿಕಿರಣಕ್ಕೂ ಮಿತಿಯಿದೆ. ಹಾಗಾಗಿ ಇಂಥ ಯಂತ್ರವನ್ನು ರೆಸಲ್ಯೂಶನ್ ಒಂದರಿಂದಲೇ ಅಳೆಯುವುದು ಸರಿಯಲ್ಲ. ಅದು ಎಷ್ಟು ಫೋಟಾನ್‌ಗಳನ್ನು ಹಿಡಿಯುತ್ತದೆ ಎಂಬುದನ್ನೂ ಕೇಳಲೇಬೇಕು.